ಒಂದೇ ಹೆಸರಿನ ಹತ್ತು ಜನ: ಗ್ರಾಂಪ್ಸ್ ಮತ್ತು ವೆಬ್‌ಟ್ರೀಸ್‌ನಲ್ಲಿ ಹುಡುಕಾಟ

ನಮ್ಮ ಮನೆತನದಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಡುವುದು ಪದ್ಧತಿ. ಹಾಗಾಗಿ ವೆಂಕಟಪ್ಪಂದಿರು ಜಾಸ್ತಿ. ಸರ್‌ನೇಮ್ ಇಲ್ಲ, ಇನಿಷಿಯಲ್ ಅಷ್ಟೇ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ? ಆದ್ದರಿಂದ ವಂಶವೃಕ್ಷದ ಸಾಫ್ಟ್‌ವೇರ್ ಆರಿಸುವಾಗ ನಾನು ಮೊದಲು ನೋಡಿದ್ದು ಹುಡುಕಾಟ ಮತ್ತು ಫಿಲ್ಟರ್. ಒಂದೇ ದಾಖಲೆಯನ್ನು ಗ್ರಾಂಪ್ಸ್, ವೆಬ್‌ಟ್ರೀಸ್ ಎರಡಕ್ಕೂ ಹಾಕಿ ಬಳಸಿದೆ. ಎರಡೂ ಉಚಿತ. ಗ್ರಾಂಪ್ಸ್ ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ವೆಬ್‌ಟ್ರೀಸ್‌ಗೆ ಸರ್ವರ್ ಬೇಕು, ನೋಡುವುದು ಬ್ರೌಸರಿನಲ್ಲಿ.

ಸುಮ್ನೆ ಒಂದು ಪದ ಹಾಕಿ ಹುಡುಕುವುದಕ್ಕೆ ವೆಬ್‌ಟ್ರೀಸ್ ಚೆನ್ನ. ಹೆಸರು, ಊರು, ವ್ಯಕ್ತಿಯ ಪುಟದಲ್ಲಿ ಬರೆದ ಟಿಪ್ಪಣಿ, ಎಲ್ಲವನ್ನೂ ಒಟ್ಟಿಗೆ ಜಾಲಾಡುತ್ತದೆ. 'ಶ್ರೀಮುಖ' ಎಂದು ಹಾಕಿದರೆ ಆ ಸಂವತ್ಸರದಲ್ಲಿ ಹುಟ್ಟಿದರೆಂದು ಟಿಪ್ಪಣಿ ಇರುವವರೆಲ್ಲ ಬರುತ್ತಾರೆ. ಅದು 1933-34 ಆಗಬಹುದು, 1993-94 ಕೂಡ ಆಗಬಹುದು. ಯಾವುದೆಂದು ನಾವೇ ನೋಡಿಕೊಳ್ಳಬೇಕು.

ಉಚ್ಚಾರಣೆ ಮೇಲೆ ಹುಡುಕುವ ಸೌಲಭ್ಯವೂ ಇದೆ. ಇಂಗ್ಲಿಷಿನಲ್ಲಿ ನಮ್ಮ ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುವುದರಿಂದ ಇದು ನಿಜಕ್ಕೂ ಬೇಕು. ಇದರಲ್ಲಿ ಎರಡು ವಿಧಾನ, ರಸೆಲ್ ಸೌಂಡೆಕ್ಸ್ ಮತ್ತು ಡೈಚ್-ಮೊಕೊಟಾಫ್. ಎರಡೂ ಹೆಸರಿನ ಉಚ್ಚಾರಣೆಯನ್ನು ಒಂದು ಸಂಕೇತವಾಗಿ ಬದಲಿಸುತ್ತವೆ. ರಸೆಲ್ ಸೌಂಡೆಕ್ಸ್‌ಗೆ ಅಮೆರಿಕದಲ್ಲಿ 1918ರಲ್ಲೇ ಪೇಟೆಂಟ್ ಸಿಕ್ಕಿತ್ತು. ಮೊದಲ ಅಕ್ಷರ ಉಳಿಸಿಕೊಂಡು ಮುಂದಿನ ವ್ಯಂಜನಗಳಿಗೆ ಮೂರು ಅಂಕಿ ಕೊಡುತ್ತದೆ. ಮೂರ್ತಿಯ ಕೊನೆಯನ್ನು ಇಂಗ್ಲಿಷಿನಲ್ಲಿ 'ಟಿಐ' ಎಂದು ಬರೆಯಿರಿ, 'ಟಿಎಚ್‌ವೈ' ಎಂದು ಬರೆಯಿರಿ, ಎರಡಕ್ಕೂ ಸಂಕೇತ ಎಂ630. ಒಳ್ಳೆಯದೇ. ಆದರೆ ವೆಂಕಟಪ್ಪ, ವೆಂಕಟಮ್ಮ, ವೆಂಕಟೇಶ, ವೆಂಕಟರಮಣ ನಾಲ್ವರೂ ವಿ523! ಮೂರು ಅಂಕಿ 'ವೆಂಕಟ'ಕ್ಕೇ ಮುಗಿದುಹೋಗುತ್ತವೆ. ಇನ್ನು ಕಾವೇರಮ್ಮನನ್ನು ಒಬ್ಬರು 'ಕೆ'ಯಿಂದ, ಇನ್ನೊಬ್ಬರು 'ಸಿ'ಯಿಂದ ಬರೆದಿದ್ದರೆ ಸೌಂಡೆಕ್ಸ್‌ಗೆ ಅವರು ಬೇರೆ ಬೇರೆ. ಡೈಚ್-ಮೊಕೊಟಾಫ್ ವಿಧಾನ ಅವರನ್ನು ಸೇರಿಸುತ್ತದೆ, ಮೊದಲ ಅಕ್ಷರವನ್ನೂ ಅಂಕಿಗೆ ತಿರುಗಿಸುವುದರಿಂದ. ಪೂರ್ವ ಯುರೋಪಿನ ಯಹೂದಿ ಹೆಸರುಗಳಿಗಾಗಿ 1985ರಲ್ಲಿ ಮಾಡಿದ್ದು ನಮ್ಮ ಕಾವೇರಮ್ಮನಿಗೆ ಒದಗಿ ಬಂತಲ್ಲ ಎಂದು ಖುಷಿಯಾಯಿತು. ಹೆಸರು ಕನ್ನಡ ಲಿಪಿಯಲ್ಲಿದ್ದರೆ ಎರಡೂ ಕೆಲಸಕ್ಕೆ ಬಾರವು.

ಅಲ್ಲಿಂದ ಮುಂದಕ್ಕೆ ಗ್ರಾಂಪ್ಸೇ ಮೇಲು. ಪಕ್ಕದ ಫಿಲ್ಟರ್ ಪಟ್ಟಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ (ಹುಡುಕುವ ಪದದ ಮಾದರಿ ಬರೆಯುವ ವಿಧಾನ, ಇದರಲ್ಲಿ '|' ಎಂದರೆ 'ಅಥವಾ') ಆಯ್ಕೆಗೆ ಟಿಕ್ ಹಾಕಿ 'ಲಕ್ಷ್ಮಿ|ಲಕ್ಷ್ಮೀ' ಎಂದು ಕೊಟ್ಟರೆ ಹ್ರಸ್ವ, ದೀರ್ಘ ಎರಡೂ ಸಿಗುತ್ತವೆ. ಅದಕ್ಕಿಂತ ದೊಡ್ಡದು, ನಾವೇ ಕಟ್ಟಿಕೊಳ್ಳುವ ಫಿಲ್ಟರ್. ಇಲ್ಲಿ ಹೆಸರು ಬಿಟ್ಟು ಸಂಬಂಧ ಹಿಡಿದು ಕೇಳಬಹುದು. ಅಜ್ಜಿಯ ತಂದೆಯ ಸಂತತಿ ಒಂದು ನಿಯಮ. ಮಾಗಡಿಯಲ್ಲಿ ಹುಟ್ಟಿದವರು ಇನ್ನೊಂದು. ಎರಡೂ ಒಪ್ಪಬೇಕು ಎಂದು ಆರಿಸಿದರೆ ಅಜ್ಜಿಯ ತವರಿನವರು ಮಾತ್ರ ಪಟ್ಟಿಯಲ್ಲಿ ಉಳಿಯುತ್ತಾರೆ. ಮನೆದೇವರನ್ನೂ ಪ್ರತಿಯೊಬ್ಬರಿಗೂ ಒಂದು ಗುಣವಾಗಿ ಸೇರಿಸಿ ಅದರ ಮೇಲೆ ಸೋಸಬಹುದು. ಹೆಸರು ಹತ್ತು ಜನರದ್ದು ಒಂದೇ ಆದರೂ ಯಾರ ಮಗ, ಯಾವ ದೇವರ ಒಕ್ಕಲು ಎಂದರೆ ವೆಂಕಟಪ್ಪ ಸಿಕ್ಕಿಯೇ ಸಿಗುತ್ತಾನೆ. ಮನೆಯ ಹಿರಿಯರು ಕೇಳುವುದೂ ಹಾಗೇ ಅಲ್ವಾ?

ಊರಿನ ವಿಷಯದಲ್ಲೂ ಗ್ರಾಂಪ್ಸ್ ಜಾಣ. ಮಾಗಡಿ ಮೊದಲು ಬೆಂಗಳೂರು ಜಿಲ್ಲೆ, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ ಜಿಲ್ಲೆಗೆ ಹೋಯಿತು. ಯಾವ ಊರು ಯಾವಾಗ ಯಾವ ಜಿಲ್ಲೆಯಲ್ಲಿತ್ತು ಎಂದು ಇಸವಿ ಸಮೇತ ದಾಖಲಿಸಬಹುದು. ಊರು ಒಂದೇ ದಾಖಲೆಯಾಗಿ ಉಳಿಯುವುದರಿಂದ ಹಳೆಯ ಜಿಲ್ಲೆಯ ಹೆಸರಿನಿಂದ ಯಾರೂ ತಪ್ಪಿಹೋಗುವುದಿಲ್ಲ.

ಎಕ್ಸೆಲ್ ಸಾಕು ಅನ್ನುವವರಿದ್ದಾರೆ. ಊರು, ಇಸವಿ ಸೋಸಲು ಸಾಕು. 'ಇವರ ಸಂತತಿ' ಎಂದು ಕೇಳಿದರೆ ಅದರ ಫಿಲ್ಟರ್‌ಗೆ ತಿಳಿಯದು.

ಯಾವುದನ್ನು ಬಳಸಿದರೂ ಹಳೆಯ ನುಡಿ ಫಾಂಟಿನ ಬರಹವನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ತೆರೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಹುಡುಕಿದರೆ ಸಿಗದು. ಈಗ ನಾನು ದಾಖಲೆ ಇಡುವುದು, ಸೋಸುವುದು ಗ್ರಾಂಪ್ಸ್‌ನಲ್ಲಿ. ಅಲ್ಲಿಂದ ಫಿಲ್ಟರ್ ಹಾಕಿಯೇ ಗೆಡ್‌ಕಾಮ್ ಫೈಲ್ (ವಂಶವೃಕ್ಷದ ದಾಖಲೆಯನ್ನು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಒಯ್ಯುವ ಫೈಲ್) ತೆಗೆಯಬಹುದು. ಅದನ್ನು ವೆಬ್‌ಟ್ರೀಸ್‌ಗೆ ಏರಿಸುತ್ತೇನೆ, ನೆಂಟರು ಫೋನಿನಲ್ಲೇ ಹುಡುಕಿಕೊಳ್ಳುತ್ತಾರೆ.