ಸಣ್ಣ ಕೊರವ ಮೀನಿಗೆ ಯಾವ ಲೂರ್: ಸ್ಪಿನ್ನರಾ, ರಬ್ಬರ್ ಮೀನಾ?

ಬಾಗಲಕೋಟೆ ಸುತ್ತ ಆಲಮಟ್ಟಿ ಹಿನ್ನೀರಿನ ಅಂಚಲ್ಲಿ ಸಣ್ಣ ಕೊರವ ಹಿಡಿಯೋಕೆ ದೊಡ್ಡ ಲೂರ್ (ದಾರಕ್ಕೆ ಕಟ್ಟುವ ನಕಲಿ ಎರೆ) ಸುಮ್ನೆ ದಂಡ.

3ರಿಂದ 5 ಗ್ರಾಂ ಸ್ಪಿನ್ನರ್ ಹೊಸಬರಿಗೆ ಸುಲಭ. ಎಸೆದು ಒಂದೇ ಸಮ ಸುತ್ತಿದರೆ ಸಾಕು, ತಗಡು ತಾನೇ ತಿರುಗಿ ಮಿಂಚುತ್ತದೆ, ನೀರನ್ನು ಅದುರಿಸುತ್ತದೆ. ಮಳೆಗಾಲದಲ್ಲಿ ನೀರು ಕೆಂಪಾದಾಗ ಮೀನಿಗೆ ಸುಳಿವು ಸಿಗೋದು ಈ ಅದುರಿನಿಂದಲೇ. ಆದರೆ ಮೂರು ಮುಳ್ಳಿನ ಗಾಳ ಜೊಂಡಿಗೆ ಸಿಕ್ಕರೆ ಮುಗೀತು. ದಾರವೂ ಹುರಿ ಬೀಳುತ್ತದೆ, ಸ್ವಿವೆಲ್ (ತಾನೇ ತಿರುಗುವ ಸಣ್ಣ ಕೊಂಡಿ) ಹಾಕಲೇಬೇಕು.

2 ಇಂಚಿನ ರಬ್ಬರ್ ಮೀನಿಗೆ ತಾಳ್ಮೆ ಬೇಕು. ಸಣ್ಣ ಜಿಗ್ ಹೆಡ್‌ಗೆ (ತಲೆಯಲ್ಲಿ ತೂಕದ ಗುಂಡಿರುವ ಗಾಳ) ನೆಟ್ಟಗೆ ಪೋಣಿಸಿ. ಸೊಟ್ಟಗಾದರೆ ನೀರಲ್ಲಿ ಗಿರಗಿರ ತಿರುಗುತ್ತದೆ. ತಳಕ್ಕೆ ಬಿಟ್ಟು ರಾಡ್ ತುದಿ ಮೆಲ್ಲಗೆ ಎತ್ತಿ ಇಳಿಸಿ. ಕಚ್ಚೋದು ಹೆಚ್ಚಾಗಿ ಇಳಿಯುವಾಗಲೇ, ಹಾಗಾಗಿ ದಾರ ಪೂರ್ತಿ ಸಡಿಲ ಬಿಡಬೇಡಿ. ಬಾಲ ಬೇಗ ಹರಿಯುತ್ತದೆ ನಿಜ, ಆದರೆ ರಬ್ಬರ್ ಮಾತ್ರ ಬದಲಿಸಿದರಾಯಿತು. ಗಾಳ ಒಂಟಿ, ಬಿಡಿಸಿ ಮರಿಯನ್ನು ವಾಪಸ್ ಬಿಡೋದೂ ಸಲೀಸು.

ರಬ್ಬರ್ ಕಪ್ಪೆ? ಜೊಂಡಿನ ಮೇಲೆ ಚೆನ್ನಾಗಿ ಜಾರುತ್ತದೆ, ಆದರೆ ಸಣ್ಣ ಬಾಯಿಗೆ ದೊಡ್ಡ ತುತ್ತು.

ಒಂದೇ ಕೊಳ್ಳುವುದಾದರೆ ನಾನು ರಬ್ಬರ್ ಮೀನೇ ಅನ್ನುತ್ತೇನೆ. ಕದಡಿದ ನೀರಿಗೆ ಮಾತ್ರ ಸ್ಪಿನ್ನರ್. ಅಂದಹಾಗೆ, ನೀರ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಅಲ್ಲಿ ಏನನ್ನೂ ಎಸೆಯಬೇಡಿ. ಕೆಳಗೆ ದೊಡ್ಡ ಕೊರವ ಕಾವಲಿರುತ್ತದೆ, ಅದನ್ನು ಹಿಡಿದರೆ ಮರಿಗಳಿಗೆ ದಿಕ್ಕಿರಲ್ಲ.