ಕನ್ನಡ ವೆಬ್ ಪತ್ರಿಕೆಗೆ ಗೂಗಲ್ ಶೀಟ್ಸ್ ಸಂಪಾದಕೀಯ ಕ್ಯಾಲೆಂಡರ್: ದೀರ್ಘ ಬಳಕೆಯ ನಂತರದ ವಿಮರ್ಶೆ

ನಾಲ್ಕೈದು ಜನ ಸೇರಿ ನಡೆಸುವ ವೆಬ್ ಪತ್ರಿಕೆಗೋ ಯೂಟ್ಯೂಬ್ ಚಾನೆಲ್ಲಿಗೋ ಸಂಪಾದಕೀಯ ಕ್ಯಾಲೆಂಡರ್, ಅಂದರೆ ಯಾವುದು ಯಾವಾಗ ಪ್ರಕಟವಾಗಬೇಕು ಎಂಬ ಪಟ್ಟಿ, ಬೇಕಿದ್ದರೆ ಗೂಗಲ್ ಶೀಟ್ಸ್ ಧಾರಾಳವಾಗಿ ಸಾಕು. ಐದಕ್ಕೆ ನಾಲ್ಕು ಅಂಕ ಕೊಡಬಹುದು. ಆದರೆ ಲೇಖನದ ಹೆಸರು, ಪ್ರಕಟಣೆಯ ದಿನ ಎಂದು ಎರಡೇ ಕಾಲಂ ಹಾಕಿಟ್ಟರೆ ಅದು ಬಾಳುವುದಿಲ್ಲ. ಕೆಲಸ ತಡವಾಗಿದೆ ಎಂದು ಗೊತ್ತಾಗುವುದು ಪ್ರಕಟಣೆಯ ದಿನ ಬಂದಾಗ, ಆಗ ಏನೂ ಮಾಡಲಾಗದು.

ಆದ್ದರಿಂದ ಪ್ರಕಟಣೆಯ ದಿನದಿಂದ ಹಿಂದಕ್ಕೆ ಎಣಿಸಬೇಕು. ಸಾಮಾನ್ಯ ಲೇಖನವೊಂದಕ್ಕೆ ಬರಹ ಕೈಸೇರಲು 6 ಕೆಲಸದ ದಿನ ಮೊದಲು, ಎಡಿಟಿಂಗ್ ಮುಗಿಯಲು 3 ದಿನ ಮೊದಲು, ಚಿತ್ರ ಮತ್ತು ಶೀರ್ಷಿಕೆ ಸಿದ್ಧವಾಗಲು 1 ದಿನ ಮೊದಲು ಎಂಬ ಲೆಕ್ಕ ಚೆನ್ನಾಗಿ ಕೂರುತ್ತದೆ. ಇದನ್ನು ಕೈಯಿಂದ ಬರೆಯಬೇಡಿ. ವರ್ಕ್‌ಡೇ.ಇಂಟ್ಲ್ (WORKDAY.INTL) ಸೂತ್ರಕ್ಕೆ ಪ್ರಕಟಣೆಯ ದಿನ, ಮೈನಸ್ 6, ವಾರದ ರಜೆಯ ಸಂಖ್ಯೆಯಾಗಿ 11, ಕೊನೆಗೆ ರಜೆಗಳ ಪಟ್ಟಿ ಇರುವ ಇನ್ನೊಂದು ಟ್ಯಾಬಿನ ಕಾಲಂ ಕೊಟ್ಟರೆ ಭಾನುವಾರ, ಸರ್ಕಾರಿ ರಜೆ ಎಲ್ಲ ಬಿಟ್ಟು ದಿನಾಂಕ ಬರುತ್ತದೆ. ಸಂಖ್ಯೆ 11 ಅಂದರೆ ಭಾನುವಾರ ಮಾತ್ರ ರಜೆ. ಶನಿವಾರವೂ ರಜೆಯಿದ್ದರೆ 1 ಹಾಕಿ. ಪ್ರಕಟಣೆಯ ದಿನ ಮುಂದೆ ಹೋದರೆ ಉಳಿದ ಮೂರೂ ತಾವಾಗಿಯೇ ಸರಿಯುತ್ತವೆ. ಶೀಟ್ಸ್‌ನ ನಿಜವಾದ ಬಲ ಇದು.

ಎರಡನೆಯ ಮುಖ್ಯ ಕಾಲಂ 'ಯಾರ ಕೈಯಲ್ಲಿದೆ'. ಲೇಖಕರ ಹೆಸರಿನ ಕಾಲಂ ಬೇರೆ, ಇದು ಬೇರೆ. ಬರಹ ಎಡಿಟರ್ ಬಳಿಗೆ ಹೋದ ಕ್ಷಣ ಇಲ್ಲಿ ಹೆಸರು ಬದಲಾಗಬೇಕು. ಈ ಕಾಲಂ ಇಲ್ಲದ ಕ್ಯಾಲೆಂಡರಿನಲ್ಲಿ ಲೇಖನ ಎಲ್ಲಿ ನಿಂತಿದೆ ಎಂದು ತಿಳಿಯಲು ಮತ್ತೆ ವಾಟ್ಸಾಪ್ ಗುಂಪಿನಲ್ಲೇ ಕೇಳಬೇಕಾಗುತ್ತದೆ. ಸ್ಥಿತಿಗೆ ಐದೇ ಹೆಸರು ಸಾಕು: ಒಪ್ಪಿಗೆ, ಬರಹ, ಎಡಿಟಿಂಗ್, ಸಿದ್ಧ, ಪ್ರಕಟ. ಅವನ್ನು ಡ್ರಾಪ್‌ಡೌನ್ ಆಗಿಯೇ ಇಡಿ. ಟೈಪ್ ಮಾಡಲು ಬಿಟ್ಟರೆ ಒಬ್ಬರು 'ಪ್ರಕಟ', ಇನ್ನೊಬ್ಬರು 'ಪ್ರಕಟವಾಗಿದೆ' ಎನ್ನುತ್ತಾರೆ, ಎಣಿಕೆಯ ಸೂತ್ರಗಳೆಲ್ಲ ತಪ್ಪುತ್ತವೆ. ಇನ್ನೂ ಒಪ್ಪಿಗೆಯಾಗದ ಐಡಿಯಾಗಳಿಗೆ ಬೇರೆ ಟ್ಯಾಬ್ ಮಾಡಿ. ಮುಖ್ಯ ಹಾಳೆಗೆ ದಿನಾಂಕ ಸಿಕ್ಕಿದ್ದು ಮಾತ್ರ ಬರಲಿ.

ಕೈಕೊಡುವ ಜಾಗಗಳಲ್ಲಿ ಮೊದಲನೆಯದು ದಿನಾಂಕ. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ (ಯಾವ ದೇಶದ ಪದ್ಧತಿಯಲ್ಲಿ ದಿನಾಂಕ ಓದಬೇಕು ಎಂಬ ಆಯ್ಕೆ) ಅಮೆರಿಕ ಎಂದಿದ್ದರೆ 05/08 ಎಂದು ಹಾಕಿದ್ದು ಮೇ 8 ಆಗುತ್ತದೆ, 25/08 ಬರೀ ಅಕ್ಷರವಾಗಿ ಉಳಿಯುತ್ತದೆ. ಪತ್ತೆ ಹಚ್ಚುವುದು ಸುಲಭ: ಕೆಲವು ದಿನಾಂಕ ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಲೊಕೇಲ್ ತಪ್ಪಿದೆ ಎಂದೇ ಅರ್ಥ. ಭಾರತ ಎಂದು ಬದಲಿಸಿ, ಟೈಮ್ ಝೋನ್ ಕೂಡ ನೋಡಿ. ಇಲ್ಲವಾದರೆ 'ಇಂದು' ಎಂಬ ಲೆಕ್ಕ ನಮ್ಮ ಬೆಳಿಗ್ಗೆಯಲ್ಲಿ ಇನ್ನೂ ನಿನ್ನೆಯನ್ನೇ ತೋರಿಸಬಹುದು. ಇದನ್ನೆಲ್ಲ ಮೊದಲ ಸಾಲು ತುಂಬುವ ಮುಂಚೆಯೇ ಮಾಡಿ, ಏಕೆಂದರೆ ಆಗಲೇ ತಪ್ಪಾಗಿ ಕೂತ ಮೇ 8 ಲೊಕೇಲ್ ಬದಲಿಸಿದರೂ ಮೇ 8 ಆಗಿಯೇ ಇರುತ್ತದೆ. ಗಡುವು ಮೀರಿದ ಸಾಲಿಗೆ ಕೆಂಪು ಬಣ್ಣ ಬರುವಂತೆ ನಿಯಮ ಹಾಕುವಾಗ ಖಾಲಿ ಸೆಲ್ ಬಿಡುವ ಷರತ್ತನ್ನೂ ಸೇರಿಸಿ. ಖಾಲಿ ಸೆಲ್ಲನ್ನು ಶೀಟ್ಸ್ ಸೊನ್ನೆ ಎಂದು ಓದುವುದರಿಂದ ತುಂಬದ ಸಾಲುಗಳೆಲ್ಲ ಕೆಂಪಾಗುತ್ತವೆ. ಒಬ್ಬರು ಸಾರ್ಟ್ ಮಾಡಿದರೆ ಎಲ್ಲರ ಪರದೆಯಲ್ಲೂ ಸಾಲು ಅದಲುಬದಲಾಗುತ್ತದೆ. ಅದಕ್ಕೆ ಪ್ರತಿಯೊಬ್ಬರಿಗೂ ಒಂದೊಂದು ಫಿಲ್ಟರ್ ವ್ಯೂ, ಅಂದರೆ ಬೇರೆಯವರ ಪರದೆ ಕದಲಿಸದ ಸ್ವಂತ ನೋಟ, ಮಾಡಿಕೊಡಿ.

ಕನ್ನಡದ ಕೆಲಸದಲ್ಲಿ ಇನ್ನೊಂದು ಸಂಗತಿಯಿದೆ. ಕಳೆದ ವರ್ಷದ ಹಾಳೆ ನಕಲು ಮಾಡಿ 12 ತಿಂಗಳು ಕೂಡಿಸಿದರೆ ರಾಜ್ಯೋತ್ಸವ ಸರಿಯಾಗಿ ನವೆಂಬರ್ 1ಕ್ಕೆ ಬರುತ್ತದೆ, ಹಬ್ಬಗಳು ಬರುವುದಿಲ್ಲ. ಯುಗಾದಿ 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19: 11 ದಿನ ಮೊದಲು. ಅದೇ ಗಣೇಶ ಚತುರ್ಥಿ ಆಗಸ್ಟ್ 27ರಿಂದ ಸೆಪ್ಟೆಂಬರ್ 14ಕ್ಕೆ, ಅಂದರೆ 18 ದಿನ ಮುಂದಕ್ಕೆ, ಹೋಗುತ್ತದೆ. ನಡುವೆ ಅಧಿಕ ಜ್ಯೇಷ್ಠ ಬಂದದ್ದೇ ಕಾರಣ. ಹಾಗಾಗಿ ಹಬ್ಬದ ಟ್ಯಾಬನ್ನು ಪ್ರತಿ ವರ್ಷ ಪಂಚಾಂಗ ನೋಡಿ ಹೊಸದಾಗಿ ತುಂಬಬೇಕು, ಮುಖ್ಯ ಹಾಳೆಯ ಹಬ್ಬದ ಲೇಖನಗಳು ಅಲ್ಲಿಂದ ದಿನಾಂಕ ಪಡೆಯಬೇಕು. ದೀಪಾವಳಿ ವಿಶೇಷಾಂಕದಂಥ ದೊಡ್ಡ ಕೆಲಸಕ್ಕೆ ಹಿಂದೆಣಿಕೆ 6 ದಿನ ಅಲ್ಲ, 60 ದಿನ ಇರಲಿ. ಕಥೆ, ಕವಿತೆ ಕೇಳಿ ತರಿಸಿಕೊಳ್ಳುವುದು ಅವಸರದಲ್ಲಿ ಆಗುವ ಕೆಲಸವಲ್ಲ, ಬರೆಯುವವರಿಗೂ ಅದು ಮರ್ಯಾದೆಯಲ್ಲ.

ಕೊರತೆಯೂ ಇದೆ. ತಿಂಗಳ ನೋಟ ಸುಲಭವಾಗಿ ಸಿಗದು. ಹಾಳೆಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಫೈಲ್) ಮಾಡಿ ಗೂಗಲ್ ಕ್ಯಾಲೆಂಡರಿಗೆ ಇಂಪೋರ್ಟ್ ಮಾಡಬಹುದು, ಆದರೆ ಅದು ಒಂದು ಸಲದ ನಕಲು. ಶೀಟ್ ಬದಲಾದರೆ ಕ್ಯಾಲೆಂಡರ್ ಬದಲಾಗದು, ಮತ್ತೆ ಇಂಪೋರ್ಟ್ ಮಾಡಿದರೆ ಎಲ್ಲವೂ ಎರಡೆರಡು. ಇದಕ್ಕೆಂದೇ ಪ್ರತ್ಯೇಕ ಕ್ಯಾಲೆಂಡರ್ ತೆರೆದು, ವಾರಕ್ಕೊಮ್ಮೆ ಅಳಿಸಿ ಹೊಸದಾಗಿ ತುಂಬುವುದೇ ದಾರಿ. ಶೀಟ್ಸ್‌ನಿಂದ ಇಳಿಸಿದ ಸಿಎಸ್‌ವಿಯನ್ನು ನಡುವೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ, ಕನ್ನಡ ಅಕ್ಷರಗಳು ಕೆಡುವ ಅಪಾಯವಿದೆ. ಎಳೆದು ಬಿಡುವ ತಿಂಗಳ ನೋಟವೇ ಬೇಕೆಂದರೆ ಕೆಲಸಗಳನ್ನು ಕಾರ್ಡ್‌ಗಳಾಗಿ ಜೋಡಿಸುವ ಟ್ರೆಲ್ಲೋ ಆ್ಯಪ್ ನೋಡಿ, ಆದರೆ ಅಲ್ಲೂ ಕ್ಯಾಲೆಂಡರ್ ವ್ಯೂ ಪ್ರೀಮಿಯಂ ಯೋಜನೆಯಲ್ಲಿದೆ. ಫೋನಿನಲ್ಲಿ ಶೀಟ್ ನೋಡುವವರಿದ್ದರೆ ಮೊದಲ ಒಂದು ಕಾಲಂ ಮಾತ್ರ ಫ್ರೀಝ್ ಮಾಡಿ (ಪಕ್ಕಕ್ಕೆ ಸರಿಸಿದರೂ ಕದಲದಂತೆ ನಿಲ್ಲಿಸಿ). ಮೂರು ಫ್ರೀಝ್ ಮಾಡಿದರೆ ಪರದೆಯಲ್ಲಿ ಬೇರೇನೂ ಕಾಣುವುದಿಲ್ಲ.