ಪ್ರೋಕ್ವಾಲ್ 5: ಸಮಾಲೋಚಕರ ದಣಿವು ಅಳೆಯುವ ಮೂವತ್ತು ಪ್ರಶ್ನೆಗಳ ಹಾಳೆ

ಶಾಲೆಯಲ್ಲಿ ಮಕ್ಕಳ ಕಷ್ಟ ಕೇಳುವ ಆಪ್ತಸಮಾಲೋಚಕರು, ವಿಶೇಷ ಶಿಕ್ಷಕರು, ನರ್ಸ್‌ಗಳಿಗೆ "ನಿಮ್ಮನ್ನೂ ಸ್ವಲ್ಪ ನೋಡಿಕೊಳ್ಳಿ" ಎನ್ನುವವರಿಗೆ ಬರವಿಲ್ಲ. ಎಲ್ಲಿ ಸವೆಯುತ್ತಿದ್ದೇವೆ ಎಂದೇ ತಿಳಿಯದಿದ್ದರೆ ನೋಡಿಕೊಳ್ಳುವುದಾದರೂ ಏನನ್ನು? ಅದನ್ನು ಪತ್ತೆ ಮಾಡಲು ಇರುವ ಸಾಧನಗಳಲ್ಲಿ ಪ್ರೊಫೆಷನಲ್ ಕ್ವಾಲಿಟಿ ಆಫ್ ಲೈಫ್ ಸ್ಕೇಲ್, ಚಿಕ್ಕದಾಗಿ ಪ್ರೋಕ್ವಾಲ್, ಒಂದು. ಬೆತ್ ಹಡ್ನಲ್ ಸ್ಟ್ಯಾಮ್ ರೂಪಿಸಿದ ಇದರ 5ನೇ ಆವೃತ್ತಿ 2009ರದು.

ದುಡ್ಡು ಕೊಡಬೇಕಿಲ್ಲ. ರೂಪಿಸಿದವರ ಹೆಸರು ಉಳಿಸಬೇಕು, ಮಾರಬಾರದು, 'ಸಹಾಯಕ' ಎಂಬಲ್ಲಿ ನಿಮ್ಮ ಹುದ್ದೆಯ ಹೆಸರು ಹಾಕುವುದು ಬಿಟ್ಟು ಬೇರೇನೂ ಬದಲಿಸಬಾರದು, ಅಷ್ಟೇ. ಇದೇ ಕೆಲಸಕ್ಕೆ ಹೆಸರಾದ 22 ಪ್ರಶ್ನೆಗಳ ಮ್ಯಾಸ್ಲಾಕ್ ಪ್ರಶ್ನಾವಳಿಗಾದರೆ ಪರವಾನಗಿ ಕೊಳ್ಳಬೇಕು.

ಕಳೆದ 30 ದಿನಗಳನ್ನು ನೆನೆದು ಪ್ರತಿ ಪ್ರಶ್ನೆಗೆ 1ರಿಂದ 5ರವರೆಗೆ ಅಂಕ ಹಾಕಬೇಕು. ಹತ್ತು ಪ್ರಶ್ನೆ ಕೆಲಸ ಕೊಡುವ ತೃಪ್ತಿಗೆ, ಹತ್ತು ಬರ್ನ್‌ಔಟ್‌ಗೆ (ಕೆಲಸದಿಂದ ಬಸವಳಿದು ಹೋಗುವುದಕ್ಕೆ), ಇನ್ನು ಹತ್ತು ಬೇರೆಯವರ ಆಘಾತ ಕೇಳಿ ಕೇಳಿ ನಮಗಂಟುವ ಒತ್ತಡಕ್ಕೆ. ಪ್ರತಿ ಭಾಗದಲ್ಲೂ 22ರವರೆಗೆ ಕಡಿಮೆ, 23ರಿಂದ 41 ಮಧ್ಯಮ, 42 ಮತ್ತು ಅದಕ್ಕೂ ಮೇಲಾದರೆ ಹೆಚ್ಚು. ಮೂರನ್ನೂ ಕೂಡಿಸಿ ಒಂದೇ ಅಂಕ ಮಾಡುವವರಿದ್ದಾರೆ. ಆ ಮೊತ್ತಕ್ಕೆ ಯಾವ ಅರ್ಥವೂ ಇಲ್ಲ.

ಹೆಚ್ಚು ಜನ ಎಡವುವುದು ಬರ್ನ್‌ಔಟ್ ಎಣಿಕೆಯಲ್ಲಿ. ಅದರಲ್ಲಿ 1, 4, 15, 17, 29ನೇ ಪ್ರಶ್ನೆಗಳು 'ಸಂತೋಷವಾಗಿದ್ದೇನೆ' ಎನ್ನುವ ಧಾಟಿಯವು. ಇವುಗಳ ಅಂಕವನ್ನು ತಿರುಗಿಸಬೇಕು: 5 ಇದ್ದರೆ 1, 4 ಇದ್ದರೆ 2, 3 ಹಾಗೇ. ಮರೆತರೆ ಏನಾಗುತ್ತದೆ ನೋಡಿ. ನೆಮ್ಮದಿಯಾಗಿರುವ ಒಬ್ಬರು ಈ ಐದಕ್ಕೂ 4, ಉಳಿದ ಐದಕ್ಕೂ 2 ಹಾಕಿದರೆ ಸರಿಯಾದ ಅಂಕ 20. ಬಸವಳಿದ ಇನ್ನೊಬ್ಬರು ಈ ಐದಕ್ಕೆ 2, ಉಳಿದವಕ್ಕೆ 4 ಹಾಕಿದರೆ 40. ತಿರುಗಿಸದೆ ಕೂಡಿಸಿದರೆ ಇಬ್ಬರಿಗೂ 30! ಸ್ಪ್ರೆಡ್‌ಶೀಟ್ ಬಳಸುವವರು ಆ ಐದು ಕಾಲಂಗಳಿಗೆ '6ರಿಂದ ಕಳೆ' ಎಂಬ ಸೂತ್ರ ಮೊದಲೇ ಹಾಕಿಟ್ಟರೆ ಈ ಗೋಜಿಲ್ಲ.

ದೋಷಗಳೂ ಇವೆ. 29ನೆಯದು 'ನಾನು ತುಂಬಾ ಕಾಳಜಿಯುಳ್ಳ ವ್ಯಕ್ತಿ' ಎನ್ನುತ್ತದೆ. ಈ ವೃತ್ತಿಯವರು ಇದಕ್ಕೆ 5 ಬಿಟ್ಟು ಬೇರೆ ಹಾಕುವುದು ಅಪರೂಪ. ಹಾಗಾಗಿ ಬರ್ನ್‌ಔಟ್ ಅಂಕ ಪುಕ್ಕಟೆಯಾಗಿ ಇಳಿಯುತ್ತದೆ. 5ನೆಯದು ಅನಿರೀಕ್ಷಿತ ಸದ್ದಿಗೆ ಬೆಚ್ಚುವುದರ ಬಗ್ಗೆ. ಗಂಟೆ, ಕಿರುಚಾಟ, ಬಾಗಿಲು ಬಡಿತದ ನಡುವೆಯೇ ದಿನ ಕಳೆಯುವವರು ಇದಕ್ಕೆ ಏನು ಹಾಕಬೇಕೋ!

30 ದಿನಗಳ ಲೆಕ್ಕವೂ ಶಾಲೆಯ ಕ್ಯಾಲೆಂಡರ್‌ಗೆ ಸರಿಹೊಂದುವುದಿಲ್ಲ. ರಜೆ ಮುಗಿದ ಮೊದಲ ವಾರ ತುಂಬಿದರೆ ಅದು ಅಳೆಯುವುದು ರಜೆಯನ್ನು. ಶಾಲೆಯ ಅವಧಿ ಶುರುವಾಗಿ ಐದಾರು ವಾರವಾದ ಮೇಲೆ ತುಂಬುವುದು ಒಳ್ಳೆಯದು. ಮುಂದಿನ ಸಲವೂ ಅದೇ ಹಂತದಲ್ಲಿ, ವಾರದ ಅದೇ ದಿನ ತುಂಬಿ. ಶುಕ್ರವಾರ ಸಂಜೆಯ ಉತ್ತರವನ್ನು ಸೋಮವಾರ ಬೆಳಗಿನದರ ಪಕ್ಕ ಇಟ್ಟು ನೋಡಿದರೆ ಪ್ರಯೋಜನವಿಲ್ಲ.

ಮೊತ್ತಕ್ಕಿಂತ ಬಿಡಿ ಪ್ರಶ್ನೆಗಳೇ ಹೆಚ್ಚು ಹೇಳುತ್ತವೆ. 21 ಮುಗಿಯದ ಕೆಲಸದ ಹೊರೆಯನ್ನು, 26 ವ್ಯವಸ್ಥೆಯಲ್ಲಿ ಸಿಕ್ಕಿಕೊಂಡ ಭಾವನೆಯನ್ನು ಕೇಳುತ್ತವೆ. ಈ ಎರಡೂ 4 ದಾಟಿದ್ದರೆ ಯೋಗದ ತರಗತಿ ಹೊರೆ ಇಳಿಸುವುದಿಲ್ಲ. ಎರಡು ವಾರ, ಹದಿನೈದು ನಿಮಿಷಕ್ಕೊಂದು ಸಾಲಿನಂತೆ, ಮಕ್ಕಳೊಂದಿಗೆ ಕಳೆದದ್ದು, ಕಾಗದಪತ್ರ, ಬದಲಿ ತರಗತಿ ಎಂದು ಮೂರು ಕಾಲಂನಲ್ಲಿ ಸಮಯ ಬರೆದಿಡಿ. ಆಡಳಿತದವರ ಮುಂದೆ 'ಸುಸ್ತಾಗಿದೆ' ಎನ್ನುವುದಕ್ಕಿಂತ ಆ ಹಾಳೆ ಇಡುವುದು ವಾಸಿ. ಅಮೆರಿಕದ ಶಾಲಾ ಸಮಾಲೋಚಕರ ಸಂಘ ಒಬ್ಬ ಸಮಾಲೋಚಕರಿಗೆ 250 ವಿದ್ಯಾರ್ಥಿಗಳು ಎಂಬ ಅನುಪಾತ ಶಿಫಾರಸು ಮಾಡುತ್ತದೆ. ಅದನ್ನೂ ಪಕ್ಕದಲ್ಲಿ ಬರೆಯಿರಿ.

8ನೆಯದು, ಅಂದರೆ ಬೇರೆಯವರ ಆಘಾತ ನೆನೆದು ನಿದ್ದೆ ಕೆಡುವುದು, ಮೇಲಿದ್ದರೆ ದಾರಿ ಬೇರೆ. ಹೊರೆ ಇಳಿಸಿದರೆ ಸಾಲದು, ಅನುಭವಿ ಮಾರ್ಗದರ್ಶಕರೊಂದಿಗೆ ಪ್ರಕರಣಗಳನ್ನು ನಿಯಮಿತವಾಗಿ ಚರ್ಚಿಸುವ ಏರ್ಪಾಡು ಬೇಕು. ಮನಸ್ಸಿಗೆ ಭಾರವಾಗುವ ಎರಡು ಭೇಟಿಗಳನ್ನು ಒಂದರ ಬೆನ್ನಿಗೊಂದು ಇಡಬೇಡಿ. ನಡುವೆ ಟಿಪ್ಪಣಿ ಬರೆಯಲು ಹತ್ತು ನಿಮಿಷ ಬಿಡಿ. ದಿನದ ಕೊನೆಯ ಪೀರಿಯಡ್‌ಗೂ ಅಂಥದ್ದು ಬೇಡ, ಮನೆವರೆಗೂ ಜೊತೆಗೆ ಬರುತ್ತದೆ.

ಇದು ರೋಗನಿರ್ಣಯದ ಪರೀಕ್ಷೆಯಲ್ಲ. ನಿದ್ದೆ, ಊಟ, ಮನಸ್ಸು ವಾರಗಟ್ಟಲೆ ಹದಗೆಟ್ಟಿದ್ದರೆ ಅಂಕ ಎಷ್ಟೇ ಇರಲಿ, ವೈದ್ಯರ ಬಳಿ ಹೋಗಿ. ನೌಕರಿಗೆ ತೆಗೆದುಕೊಳ್ಳಲು, ಬಡ್ತಿಗೆ ಇದನ್ನು ಬಳಸುವುದಂತೂ ತಪ್ಪೇ. ಹೆಸರು ಬರೆಸಿ ಮುಖ್ಯೋಪಾಧ್ಯಾಯರ ಮೇಜಿಗೆ ಕಳಿಸುವ ಶಾಲೆಯಲ್ಲಿ 29ಕ್ಕಷ್ಟೇ ಅಲ್ಲ, ಮೂವತ್ತಕ್ಕೆ ಮೂವತ್ತಕ್ಕೂ ಚೆಂದದ ಉತ್ತರವೇ ಬರುತ್ತದೆ.